ಲಿಂಕ್ ಕೆಳಗಿದೆ, ಹೊಣೆ ಎಲ್ಲಿದೆ?

ಅಕ್ಕಿ ರೊಟ್ಟಿ ಮಾಡುವುದನ್ನು ಕಲಿಸುವ ಕಿರು ವಿಡಿಯೊ ಈಗ ಹೇಗಿರುತ್ತದೆಂದು ಗಮನಿಸಿ. ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಬೀಳುತ್ತದೆ. ಎಣ್ಣೆ ಸವರಿದ ಬಾಣಲೆಯಲ್ಲೇ ರೊಟ್ಟಿ ತಟ್ಟುತ್ತಾರೆ, ಮುಚ್ಚಳ ಮುಚ್ಚುತ್ತಾರೆ, ನಲವತ್ತು ಸೆಕೆಂಡು ಮುಗಿಯುವ ಹೊತ್ತಿಗೆ ತಳ ಕೆಂಪಗಾದ ರೊಟ್ಟಿ ತಟ್ಟೆಯಲ್ಲಿರುತ್ತದೆ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಅದೇ ಬಾಣಲೆಯ ಪುಟ್ಟ ಚಿತ್ರವೊಂದು ಬೆಲೆಯ ಸಮೇತ ಮೂಡಿರುತ್ತದೆ. ಬೆರಳು ತಾಗಿಸಿದರೆ ಅಂಗಡಿ. ಇದೇ ಅಡುಗೆಯನ್ನು ಹಿಂದೆ ಕಲಿಸುತ್ತಿದ್ದವರು, "ದಪ್ಪ ತಳದ ಬಾಣಲೆ ಇಲ್ಲದಿದ್ದರೆ ಬಾಳೆಎಲೆಯ ಮೇಲೆ ತಟ್ಟಿ ಹೆಂಚಿಗೆ ಹಾಕಿ, ನಡೆಯುತ್ತೆ" ಎಂದು ಒಂದು ಮಾತು ಸೇರಿಸುತ್ತಿದ್ದರು. ಆ ಮಾತನ್ನು ಈಗ ಹೇಳಿದರೆ ಹೇಳಿದವರಿಗೇ ನಷ್ಟ. ಮನೆಯಲ್ಲಿರುವ ಹೆಂಚಿಗೆ ಕಮಿಷನ್ ಇಲ್ಲ.

ಕಿರು ವಿಡಿಯೊಗಳಿಗೆ ಸರಕಿನ ಲಿಂಕ್ ಅಂಟಿಸುವ ಈ ಪದ್ಧತಿಯನ್ನು ಕುರಿತ ಚರ್ಚೆ ಹೆಚ್ಚಾಗಿ ಇನ್‌ಫ್ಲುಯೆನ್ಸರ್‌ಗಳ ಪ್ರಾಮಾಣಿಕತೆಯ ಸುತ್ತಲೇ ತಿರುಗುತ್ತದೆ. ಯಾರು ದುಡ್ಡು ತೆಗೆದುಕೊಂಡು ಹೊಗಳಿದರು, ಯಾರು ಅದನ್ನು ಮುಚ್ಚಿಟ್ಟರು ಎಂಬುದಷ್ಟೇ ಪ್ರಶ್ನೆಯಾಗುತ್ತದೆ. ನನಗೆ ಅದು ಅರ್ಧ ಪ್ರಶ್ನೆಯಾಗಿ ಕಾಣುತ್ತದೆ. ಲಿಂಕ್ ಎಂಬುದು ವಿಡಿಯೊ ಮುಗಿದ ಮೇಲೆ ತಗುಲಿಸುವ ಚೀಟಿಯಲ್ಲ. ಯಾವ ವಿಡಿಯೊ ಮಾಡಬೇಕು, ಅದರಲ್ಲಿ ಯಾವ ಮಾತು ಉಳಿಯಬೇಕು, ಯಾವುದು ಬಿದ್ದುಹೋಗಬೇಕು ಎಂಬುದನ್ನು ಅದು ಮೊದಲೇ ತೀರ್ಮಾನಿಸುತ್ತದೆ. ಹಾಗಿರುವಾಗ ಮಾತನಾಡಿದವರನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸಿ, ಲಿಂಕನ್ನು ಕಟ್ಟಿದ, ಅದರ ನಿಯಮ ಬರೆದ, ಅದರಿಂದ ಲಾಭ ಪಡೆಯುವ ವೇದಿಕೆಯನ್ನು ಬರಿಯ ಗೋಡೆಯಂತೆ ಕಾಣುವುದು ತಪ್ಪು. ಲಿಂಕ್ ಯಾರದೋ ಹೊಣೆಯೂ ಅವರದಾಗಬೇಕು.

ಈ ವ್ಯವಸ್ಥೆಯ ಬೇರು ಹಳೆಯದು. ಅಮೆಜಾನ್ 1996ರಲ್ಲೇ ಅಫಿಲಿಯೇಟ್ ಯೋಜನೆ ಶುರುಮಾಡಿತ್ತು: ಯಾರದೋ ವೆಬ್‌ಸೈಟಿನಲ್ಲಿರುವ ಲಿಂಕ್ ಒತ್ತಿ ಬಂದ ಗಿರಾಕಿ ಪುಸ್ತಕ ಕೊಂಡರೆ ಆ ವೆಬ್‌ಸೈಟಿನವರಿಗೆ ಒಂದಿಷ್ಟು ಪಾಲು. ಭಾರತದಲ್ಲಿ ಅದು ಕಿರು ವಿಡಿಯೊದ ಒಳಗೆ ಬಂದದ್ದು ಇತ್ತೀಚೆಗೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ತೆರವಾದ ಜಾಗಕ್ಕೆ ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಬೇರೆ ದೇಶಗಳಿಗಿಂತ ಮೊದಲು ಶಾರ್ಟ್ಸ್ ಪ್ರಯೋಗ ನಡೆದದ್ದು ಭಾರತದಲ್ಲಿಯೇ. 2024ರ ಅಕ್ಟೋಬರ್‌ನಲ್ಲಿ ಯೂಟ್ಯೂಬ್ ಇಲ್ಲಿ ಶಾಪಿಂಗ್ ಅಫಿಲಿಯೇಟ್ ಯೋಜನೆಯನ್ನು ತೆರೆದಾಗ ಅದರ ಮೊದಲ ಪಾಲುದಾರರು ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ. ಎರಡೂ ಬೆಂಗಳೂರಿನಲ್ಲಿ ಹುಟ್ಟಿದ ಕಂಪನಿಗಳು. ಮಿಂತ್ರಾವನ್ನು ಫ್ಲಿಪ್‌ಕಾರ್ಟ್ 2014ರಲ್ಲಿ ಕೊಂಡಿತು, ಫ್ಲಿಪ್‌ಕಾರ್ಟಿನ ಬಹುಪಾಲನ್ನು ವಾಲ್‌ಮಾರ್ಟ್ 2018ರಲ್ಲಿ ಕೊಂಡಿತು. ಅಂದರೆ ಕನ್ನಡದ ಅಡುಗೆ ವಿಡಿಯೊದ ಮೂಲೆಯಲ್ಲಿ ಆಗ ತೆರೆದ ಎರಡು ಬಾಗಿಲುಗಳೂ ಒಂದೇ ಮನೆಗೆ ಸೇರಿದ್ದವು.

ಹಳೆಯ ಜಾಹೀರಾತಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಸ್ಪಷ್ಟವಾಗಿ ನೋಡಬೇಕು. ಸೋಪಿನ ಕಂಪನಿಯೊಂದು ನಟಿಗೆ ಮೊದಲೇ ಇಂತಿಷ್ಟು ಎಂದು ಸಂಭಾವನೆ ಕೊಡುತ್ತದೆ. ಸೋಪು ಮಾರಾಟವಾಗಲಿ ಬಿಡಲಿ, ಆಕೆಯ ಲೆಕ್ಕ ಅಲ್ಲಿಗೆ ಮುಗಿಯಿತು. ನೋಡುವವರಿಗೂ ಇದು ಜಾಹೀರಾತು ಎಂಬುದು ಗೊತ್ತಿರುತ್ತದೆ. ಧಾರಾವಾಹಿ ನಿಂತು ಸೋಪು ಬಂತೆಂದರೆ ಎದ್ದು ಒಲೆಯ ಮೇಲಿನ ಹಾಲು ನೋಡಿಬರುತ್ತಾರೆ. ಅಫಿಲಿಯೇಟ್ ಲಿಂಕಿನಲ್ಲಿ ಹಣ ಬರುವುದು ಮಾರಾಟವಾದ ಮೇಲೆ, ಪ್ರತಿ ಮಾರಾಟಕ್ಕೆ. ವಿಡಿಯೊ ಮಾಡುವವರು ಪ್ರತಿ ಕೊಳ್ಳುವಿಕೆಯಲ್ಲಿ ಪಾಲುದಾರರು. ಜಾಹೀರಾತು ಬೇರೆ, ಕಾರ್ಯಕ್ರಮ ಬೇರೆ ಎಂಬ ಗೆರೆಯೂ ಇಲ್ಲಿ ಅಳಿಸಿಹೋಗಿರುತ್ತದೆ. ಅಡುಗೆಯೇ ಜಾಹೀರಾತು, ಮನೆ ಗುಡಿಸುವುದೇ ಜಾಹೀರಾತು, ಮಗುವಿನ ಬಟ್ಟೆ ಮಡಚಿಡುವುದೂ ಜಾಹೀರಾತು.

ಇದರಿಂದ ಸುಳ್ಳು ಹೆಚ್ಚುತ್ತದೆ ಎಂದು ಅನೇಕರು ಹೇಳುತ್ತಾರೆ. ನನಗೆ ಹೆಚ್ಚು ಆತಂಕ ತರುವುದು ಮೌನ. ಈ ವ್ಯವಸ್ಥೆಯಲ್ಲಿ ಸುಳ್ಳು ಹೇಳದೆಯೂ ಬದುಕಬಹುದು; ಒಳ್ಳೆಯ ವಸ್ತುವನ್ನೇ ಆರಿಸಿ, ನಿಜವನ್ನೇ ಹೇಳಿ ಲಿಂಕ್ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ "ಇದು ನಿಮಗೆ ಬೇಕಾಗಿಲ್ಲ", "ಹಳೆಯದನ್ನೇ ರಿಪೇರಿ ಮಾಡಿಸಿ", "ಪಕ್ಕದ ಮನೆಯವರಿಂದ ಒಂದು ದಿನಕ್ಕೆ ಕೇಳಿ ತನ್ನಿ" ಎಂಬ ಮಾತುಗಳಿಗೆ ಅಲ್ಲಿ ಕೂಲಿಯೇ ಇಲ್ಲ. ಒಬ್ಬಿಬ್ಬರು ಹೇಳದಿದ್ದರೆ ಏನೂ ಆಗದು. ಲಕ್ಷಾಂತರ ವಿಡಿಯೊಗಳಲ್ಲಿ, ವರ್ಷಗಟ್ಟಲೆ, ಆ ಮಾತು ಮಾತ್ರ ಕೇಳಿಸದೆ ಹೋದರೆ ನೋಡುವ ಹುಡುಗ ಹುಡುಗಿಯರಿಗೆ ಪ್ರತಿಯೊಂದು ತೊಂದರೆಗೂ ಕೊಳ್ಳುವುದೇ ಪರಿಹಾರ ಎಂದು ತೋರತೊಡಗುತ್ತದೆ. ಯಾವ ಒಂದು ವಿಡಿಯೊವನ್ನೂ ಇದಕ್ಕೆ ದೂರುವಂತಿಲ್ಲ. ದೋಷ ಇರುವುದು ಯಾವ ಮಾತಿಗೆ ಹಣ, ಯಾವುದಕ್ಕೆ ಇಲ್ಲ ಎಂಬ ವಿಂಗಡಣೆಯಲ್ಲಿ.

ಸುಳ್ಳು ಹೆಚ್ಚುತ್ತದೆ ಎಂಬ ದೂರಿಗೆ ಒಂದು ಗಟ್ಟಿಯಾದ ಉತ್ತರವಿದೆ, ಅದನ್ನು ಬದಿಗೆ ಸರಿಸುವಂತಿಲ್ಲ. ಕೊಂಡವರು ವಸ್ತುವನ್ನು ಹಿಂತಿರುಗಿಸಿದರೆ ಸಾಮಾನ್ಯವಾಗಿ ಕಮಿಷನ್ ರದ್ದಾಗುತ್ತದೆ. ಆದ್ದರಿಂದ ಕೆಟ್ಟ ವಸ್ತುವನ್ನು ಹೊಗಳಿದರೆ ಹೊಗಳಿದವರಿಗೇ ನಷ್ಟ, ಮಾರುಕಟ್ಟೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎನ್ನುತ್ತಾರೆ. ದುಬಾರಿ ಫೋನಿನ ವಿಷಯದಲ್ಲಿ ಇದು ನಿಜ. ಆದರೆ ಕಿರು ವಿಡಿಯೊದಲ್ಲಿ ಕ್ಷಣಾರ್ಧದಲ್ಲಿ ಕೊಳ್ಳುವಂತೆ ಮಾಡುವ ಸರಕು ಅಂಥದ್ದಲ್ಲ. ನೂರು, ಇನ್ನೂರು, ಮುನ್ನೂರು ರೂಪಾಯಿಯ ತರಕಾರಿ ಹೆಚ್ಚುವ ಯಂತ್ರ, ಗೋಡೆಗೆ ಅಂಟಿಸುವ ಕೊಕ್ಕೆ, ಫ್ರಿಜ್ಜಿನೊಳಗಿನ ಪ್ಲಾಸ್ಟಿಕ್ ಡಬ್ಬ. ಮೂರನೇ ವಾರಕ್ಕೆ ಹಿಡಿಕೆ ಮುರಿದರೆ ಮರಳಿ ಪ್ಯಾಕ್ ಮಾಡಿ, ಕೊರಿಯರ್ ಹುಡುಗನಿಗೆ ಕಾದು, ಫೋಟೊ ತೆಗೆದು ಕಳಿಸುವ ತಾಳ್ಮೆ ಯಾರಿಗಿದೆ? ಹಿಂತಿರುಗಿಸುವ ಅವಧಿಯೂ ಅಷ್ಟರೊಳಗೆ ದಾಟಿರುತ್ತದೆ. ಹೋಗಲಿ ಬಿಡು ಎಂದು ಸಜ್ಜದ ಮೇಲೆ ಎಸೆಯುತ್ತಾರೆ. ಸಣ್ಣ ಮೊತ್ತದ ಮೋಸ ಲಕ್ಷ ಮನೆಗಳಿಗೆ ಹಂಚಿಹೋದಾಗ ದೂರುವವರು ಯಾರೂ ಸಿಗುವುದಿಲ್ಲ.

ಇಷ್ಟು ಹೇಳಿದ ಮೇಲೂ ಲಿಂಕನ್ನು ನಿಷೇಧಿಸಿ ಎಂದು ನಾನು ಕೇಳಲಾರೆ. ಕಾರಣಗಳು ಗಟ್ಟಿಯಾಗಿವೆ. ಶಿರಸಿಯಲ್ಲೋ ದಾವಣಗೆರೆಯಲ್ಲೋ ಕೂತು ಕನ್ನಡದಲ್ಲಿ ವಿಡಿಯೊ ಮಾಡುವ ಗೃಹಿಣಿಗೆ ದೊಡ್ಡ ಬ್ರ್ಯಾಂಡಿನ ಕೊಲ್ಯಾಬ್ ಸುಲಭವಾಗಿ ದಕ್ಕುವುದಿಲ್ಲ. ಅದಕ್ಕೆ ಏಜೆನ್ಸಿಯ ಪರಿಚಯ ಬೇಕು, ಇಂಗ್ಲಿಷಿನಲ್ಲಿ ಮೇಲ್ ಬರೆಯಬೇಕು, ಬೆಂಗಳೂರು ಮುಂಬೈಗಳ ಸಂಪರ್ಕ ಬೇಕು. ಸಬ್‌ಸ್ಕ್ರೈಬರ್‌ಗಳ ಸಂಖ್ಯೆ ನಿಗದಿತ ಮಟ್ಟ ಮುಟ್ಟಿದರೆ ಸರಕಿನ ಲಿಂಕನ್ನು ವಿಡಿಯೊದಲ್ಲೇ ಟ್ಯಾಗ್ ಮಾಡುವ ಅವಕಾಶ ಯಾರ ಶಿಫಾರಸೂ ಇಲ್ಲದೆ ಸಿಗುತ್ತದೆ. ಯಾವುದನ್ನು ಟ್ಯಾಗ್ ಮಾಡಬೇಕೆಂಬ ಆಯ್ಕೆಯೂ ಅವಳದೇ. ಬ್ರ್ಯಾಂಡ್ ಬರೆದುಕೊಟ್ಟ ಸಾಲು ಓದುವ ಕಟ್ಟುಪಾಡಿಲ್ಲ. ಸ್ವಂತ ಖಾತೆಗೆ ಬರುವ ಮೊದಲ ಸಂಪಾದನೆ ಎಷ್ಟೋ ಹೆಣ್ಣುಮಕ್ಕಳಿಗೆ ಹೀಗೆ ಬಂದಿದೆ. ಕೊಳ್ಳುವವರ ಕಡೆಯಿಂದಲೂ ನೋಡಬೇಕು. ಗಂಡಸರೇ ಕೂತ ಪೇಟೆ ಅಂಗಡಿಯಲ್ಲಿ ಒಳಉಡುಪಿನ ಅಳತೆ ಹೇಳಲು ಸಂಕೋಚಪಡುತ್ತಿದ್ದವರು, ಮಂಡಿನೋವಿನಿಂದ ಮೆಟ್ಟಿಲು ಇಳಿಯಲಾಗದ ಹಿರಿಯರು, ತಾಲ್ಲೂಕು ಕೇಂದ್ರದಲ್ಲಿ ಸಿಗದ ಶ್ರವಣಸಾಧನದ ಬ್ಯಾಟರಿ ಹುಡುಕುತ್ತಿದ್ದವರು ಇವರೆಲ್ಲರಿಗೆ ತಮ್ಮ ಭಾಷೆಯಲ್ಲಿ ವಸ್ತುವನ್ನು ಬಳಸಿ ತೋರಿಸಿ, ಇಲ್ಲಿ ಸಿಗುತ್ತದೆ ಎಂದು ಹೇಳುವವರು ಸಿಕ್ಕಿದ್ದು ದೊಡ್ಡ ಅನುಕೂಲ.

ದಲ್ಲಾಳಿತನವೇ ಕೆಟ್ಟದ್ದು ಎಂಬ ನಿಲುವಿಗೂ ನಮ್ಮ ಅನುಭವ ಒಪ್ಪುವುದಿಲ್ಲ. ದನದ ಜಾತ್ರೆಗಳಲ್ಲಿ ಟವೆಲ್ ಹೊದಿಸಿ ಅದರ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ರೂಢಿಯನ್ನು ನೋಡಿದವರಿಗೆ ಗೊತ್ತು: ಸುತ್ತ ನಿಂತವರಿಗೆ ಎಷ್ಟಕ್ಕೆ ಮಾತಾಯಿತು, ನಡುವಿನವನಿಗೆ ಎಷ್ಟು ಉಳಿಯಿತು ತಿಳಿಯುವುದಿಲ್ಲ. ದವಸಧಾನ್ಯದ ಪೇಟೆಯಲ್ಲಿ ಇಂಥ ಗುಟ್ಟಿನ ವ್ಯಾಪಾರ ನಿಲ್ಲಬೇಕೆಂದೇ ನಿಯಂತ್ರಿತ ಮಾರುಕಟ್ಟೆಗಳು ಬಂದವು. ಕರ್ನಾಟಕದ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ದಲ್ಲಾಳಿಯನ್ನು ಓಡಿಸಲಿಲ್ಲ. ಅವನಿಗೆ ಲೈಸೆನ್ಸ್ ಬೇಕೆಂದಿತು, ಬಹಿರಂಗವಾಗಿ ಹರಾಜಾಗಬೇಕೆಂದಿತು, ಕಮಿಷನ್ ಕೊಳ್ಳುವವನಿಂದ ಬರಬೇಕೇ ಹೊರತು ರೈತನಿಂದ ಹಿಡಿಯಕೂಡದೆಂದಿತು. ಅದು ಎಲ್ಲೆಡೆ ಚಾಚೂತಪ್ಪದೆ ಪಾಲನೆಯಾಗಿದೆ ಎಂದು ಹೇಳಲಾರೆ. ಬಿಳಿಚೀಟಿಯ ದೂರು ಇಂದಿಗೂ ಕೇಳುತ್ತೇವೆ. ಆದರೂ ದಲ್ಲಾಳಿಯ ಪಾಲು ಎಷ್ಟು, ಅದನ್ನು ಕೊಡುವವರು ಯಾರು ಎಂಬುದು ಎಲ್ಲರಿಗೂ ಕಾಣಬೇಕೆಂಬ ತತ್ವ ಅಲ್ಲಿ ನೆಲೆಗೊಂಡಿತು. ಮಾರುಕಟ್ಟೆ ಪ್ರಾಂಗಣ ನಡೆಸುವ ಸಮಿತಿಯೂ ಹೊಣೆ ಹೊತ್ತಿತು. ವಿಡಿಯೊ ಪೇಟೆಯಲ್ಲಿ ಟವೆಲ್ ಇನ್ನೂ ಎದ್ದಿಲ್ಲ.

ನಿಯಮಗಳೇ ಇಲ್ಲವೆಂದಲ್ಲ. ಭಾರತದಲ್ಲಿ ಈ ವಿಷಯದಲ್ಲಿ ಕೆಲಸ ಬೇಗನೇ ಶುರುವಾಯಿತು, ಅದನ್ನು ಮೆಚ್ಚಬೇಕು. ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆಯಾದ ಆಸ್ಕಿ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ತಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸ್ಥಾಪನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ತಡೆಗೆ ಮಾರ್ಗಸೂಚಿ ಹೊರಡಿಸಿತು. ದಾರಿ ತಪ್ಪಿಸಿದವರಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಶಿಫಾರಸು ಮಾಡಿದವರು ಒಂದು ವರ್ಷ, ಮುಂದುವರಿದರೆ ಮೂರು ವರ್ಷದವರೆಗೆ ಇನ್ನಾವುದನ್ನೂ ಶಿಫಾರಸು ಮಾಡದಂತೆ ತಡೆಯಬಹುದು. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಇನ್‌ಫ್ಲುಯೆನ್ಸರ್‌ಗಳಿಗೆಂದೇ ಬಿಡುಗಡೆ ಮಾಡಿದ ಕೈಪಿಡಿ, ಹಣದ ಸಂಬಂಧವನ್ನು ವಿಡಿಯೊದ ಒಳಗೇ, ದೃಶ್ಯ ಮತ್ತು ಧ್ವನಿ ಎರಡರಲ್ಲೂ ತಿಳಿಸಬೇಕೆಂದು ಹೇಳುತ್ತದೆ. ಅದೇ ವರ್ಷ ನವೆಂಬರ್ 30ರಂದು ಗ್ರಾಹಕರನ್ನು ಬಲೆಗೆ ಕೆಡವುವ 13 ವಿನ್ಯಾಸ ತಂತ್ರಗಳನ್ನು ಪಟ್ಟಿಮಾಡಿ ನಿಷೇಧಿಸಲಾಯಿತು. ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿದೆ, ಜಾಹೀರಾತನ್ನು ಬೇರೆ ವೇಷದಲ್ಲಿ ತೋರಿಸುವುದೂ ಇದೆ.

ಆ ಕೈಪಿಡಿಯ ಒಂದು ಅಂಶ ಕನ್ನಡಿಗರಿಗೆ ಬಹಳ ಮುಖ್ಯ: ಶಿಫಾರಸು ಯಾವ ಭಾಷೆಯಲ್ಲಿದೆಯೋ ಹಣದ ಸಂಬಂಧವನ್ನೂ ಅದೇ ಭಾಷೆಯಲ್ಲಿ ತಿಳಿಸಬೇಕು. ಇದು ಜಾರಿಯಾಗಿದ್ದರೆ ಕನ್ನಡ ರೀಲ್ಸ್‌ಗಳಲ್ಲಿ "ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ" ಎಂಬ ಮಾತು ಕಿವಿಗೆ ಬೀಳಬೇಕಿತ್ತು. ನಾನು ನೋಡುವ ವಿಡಿಯೊಗಳಲ್ಲಿ ಅದು ಅಪರೂಪ. ಮಾತೆಲ್ಲ ಅಚ್ಚ ಹುಬ್ಬಳ್ಳಿ ಕನ್ನಡದಲ್ಲಿ, ಮಂಗಳೂರು ಕನ್ನಡದಲ್ಲಿ, ಅಕ್ಕತಂಗಿಯರೊಡನೆ ಆಡಿದ ಹಾಗೆ. ಹಣದ ವಿಷಯ ಮಾತ್ರ ಹ್ಯಾಷ್‌ಟ್ಯಾಗ್‌ಗಳ ಗುಂಪಿನಲ್ಲಿ ಒಂದು ಇಂಗ್ಲಿಷ್ ತುಂಡಾಗಿ ಅಡಗಿರುತ್ತದೆ. ಇನ್ನು ಕೆಲವರು "ಲಿಂಕ್ ಬೇಕಾದ್ರೆ ಕಾಮೆಂಟ್ ಮಾಡಿ, ಡಿಎಂ ಮಾಡ್ತೀನಿ" ಎನ್ನುತ್ತಾರೆ. ಕಾಮೆಂಟ್ ಹಾಕಿದ ಕ್ಷಣವೇ ಯಾಂತ್ರಿಕವಾಗಿ ಲಿಂಕ್ ಬರುತ್ತದೆ; ವ್ಯವಹಾರ ಖಾಸಗಿ ಸಂದೇಶದೊಳಗೆ ಸರಿಯುತ್ತದೆ, ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಹೀಗೆ ಮಾಡುವವರೆಲ್ಲ ಮೋಸಗಾರರು ಎಂದು ನಾನು ಭಾವಿಸುವುದಿಲ್ಲ. ನಿಯಮ ಹೀಗಿದೆಯೆಂದು ಅವರಿಗೆ ಅವರ ಭಾಷೆಯಲ್ಲಿ ಯಾರೂ ಹೇಳಿಲ್ಲ, ಹೇಳಬೇಕಾದ ವೇದಿಕೆಗೆ ಹೇಳಲೇಬೇಕಾದ ಒತ್ತಡವಿಲ್ಲ.

ಲಿಂಕಿನ ಮೇಲೆ ವೇದಿಕೆಗೆ ಎಷ್ಟು ಹಿಡಿತವಿದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಶಾರ್ಟ್ಸ್‌ನ ಕಾಮೆಂಟ್ ಮತ್ತು ವಿವರಣೆಯಲ್ಲಿ ಹಾಕಿದ ಲಿಂಕುಗಳು ಒತ್ತಿದರೂ ತೆರೆಯದಂತೆ ಯೂಟ್ಯೂಬ್ 2023ರ ಆಗಸ್ಟ್ 31ರಿಂದ ಮಾಡಿತು. ಸ್ಪ್ಯಾಮ್ ಮತ್ತು ವಂಚನೆ ತಡೆಯಲು ಎಂಬುದು ಕಾರಣ. ಕಾರಣ ನಿಜವೇ ಆಗಿತ್ತು. ಅಂದರೆ ಹಾಳು ಲಿಂಕುಗಳಿಂದ ನೋಡುಗರಿಗೆ ಹಾನಿಯಾಗುತ್ತದೆಂದು ಕಂಪನಿ ಒಪ್ಪಿತು, ಅದನ್ನು ತಡೆಯುವುದು ತನ್ನ ಕೈಯಲ್ಲಿದೆ ಎಂದು ತೋರಿಸಿತು, ಒಂದೇ ತೀರ್ಮಾನದಿಂದ ಲೋಕದ ತುಂಬ ತಡೆದೂ ಬಿಟ್ಟಿತು. ಆ ಬಳಿಕ ಶಾರ್ಟ್ಸ್ ನೋಡುಗರನ್ನು ಅಂಗಡಿಗೆ ಕರೆದೊಯ್ಯುವ ಪ್ರಮುಖ ದಾರಿಯಾಗಿ ಉಳಿದದ್ದು ಕಂಪನಿಯೇ ಕಟ್ಟಿದ ಟ್ಯಾಗ್. ಯಾವ ಅಂಗಡಿ ಆ ಟ್ಯಾಗಿನೊಳಗೆ ಬರಬಹುದು, ಯಾವ ಚಾನೆಲ್ ಟ್ಯಾಗ್ ಮಾಡಬಹುದು, ಟ್ಯಾಗ್ ಪರದೆಯ ಯಾವ ಮೂಲೆಯಲ್ಲಿ ಎಷ್ಟು ಹೊತ್ತು ಕಾಣಬೇಕು, ಯಾರ ಮೊಬೈಲಿಗೆ ಆ ವಿಡಿಯೊ ಹೋಗಬೇಕು ಎಲ್ಲವೂ ಅದರದೇ ನಿರ್ಧಾರ. ಮಕ್ಕಳಿಗಾಗಿಯೇ ಮಾಡಿದ ಚಾನೆಲ್‌ಗಳಿಗೆ ಈ ಸೌಲಭ್ಯ ಕೊಡುವುದಿಲ್ಲವೆಂದು ಅದೇ ನಿಯಮ ಮಾಡಿಕೊಂಡಿದೆ. ಇಷ್ಟೆಲ್ಲ ಆಯ್ಕೆ ಮಾಡುವವರನ್ನು ಬರಿಯ ಮಧ್ಯವರ್ತಿ ಎಂದು ಹೇಗೆ ಕರೆಯುವುದು?

ಕಾನೂನು ಮಾತ್ರ ಹಾಗೆಯೇ ಕರೆಯುತ್ತಿದೆ. ಬೇರೆಯವರು ಹಾಕಿದ ವಿಷಯಕ್ಕೆ ಮಧ್ಯವರ್ತಿ ಹೊಣೆಯಲ್ಲ ಎಂಬ ರಕ್ಷಣೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್‌ನಲ್ಲಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೇ ಸೆಕ್ಷನ್ ಪ್ರಕಾಶಕರಿಗೂ ದಂಡ ಹಾಕಬಹುದು ಎನ್ನುತ್ತದೆ, ಆದರೆ ವ್ಯಾಪಾರದ ಸಾಮಾನ್ಯ ಕ್ರಮದಲ್ಲಿ ಪ್ರಕಟಿಸಿದ್ದೆಂದು ತೋರಿಸಿದರೆ ಬಿಡುಗಡೆ. ಪತ್ರಿಕೆಯೊಂದು ಜಾಹೀರಾತಿನ ಜಾಗ ಮಾರಿದಾಗ ಈ ರಿಯಾಯಿತಿಗೆ ಅರ್ಥವಿತ್ತು: ಜಾಗದ ಬಾಡಿಗೆ ಪಡೆದ ಪತ್ರಿಕೆಗೆ ಓದುಗ ಸೀರೆ ಕೊಂಡನೋ ಬಿಟ್ಟನೋ ಗೊತ್ತಾಗುತ್ತಿರಲಿಲ್ಲ, ಅದರಿಂದ ಪಾಲೂ ಇರಲಿಲ್ಲ. ಟ್ಯಾಗಿನ ಒಡೆಯನಿಗೆ ಪ್ರತಿ ಒತ್ತುವಿಕೆಯ, ಪ್ರತಿ ಖರೀದಿಯ ಲೆಕ್ಕ ಸಿಗುತ್ತದೆ. 2020ರ ಇ-ಕಾಮರ್ಸ್ ನಿಯಮಗಳು ಮಾರಾಟ ತಾಣಗಳಿಗೆ ಕೆಲವು ಕರ್ತವ್ಯಗಳನ್ನು ಹೇರಿವೆ: ಮಾರುವವರ ಹೆಸರು ವಿಳಾಸ ಕಾಣಬೇಕು, ಸರಕು ತಯಾರಾದ ದೇಶ ತಿಳಿಸಬೇಕು, ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಗಿರಾಕಿಯ ಮನಸ್ಸು ಪಕ್ಕಾ ಆಗುವುದು ಆ ತಾಣ ತಲುಪುವ ಮೊದಲೇ, ವಿಡಿಯೊದಲ್ಲೇ. ಅಲ್ಲಿಗೆ ಈ ಕರ್ತವ್ಯಗಳು ಹರಿದುಬರುವುದಿಲ್ಲ. ಮಾರಿದವನು ಕೈಕೊಟ್ಟರೆ ತಾಣವೇ ಹೊಣೆ ಹೊರಬೇಕೆಂಬ ಪ್ರಸ್ತಾಪ 2021ರ ಜೂನ್‌ನ ತಿದ್ದುಪಡಿ ಕರಡಿನಲ್ಲಿತ್ತು. ಅದು ಕರಡಿನಾಚೆಗೆ ಬರಲಿಲ್ಲ.

ಲಿಂಕಿನ ಒಡೆತನವನ್ನು ಕೇಳದೆ ಬರಿಯ ಗುಂಡಿಯನ್ನು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಇಂಡೊನೇಷ್ಯ ತೋರಿಸಿಕೊಟ್ಟಿತು. ಅಲ್ಲಿ ಟಿಕ್‌ಟಾಕ್ ಶಾಪ್ 2021ರಲ್ಲಿ ಶುರುವಾಗಿ ಎರಡೇ ವರ್ಷಗಳಲ್ಲಿ ಬೃಹತ್ತಾಗಿ ಬೆಳೆಯಿತು. ವಿಡಿಯೊ ನೋಡುತ್ತಲೇ, ಆ್ಯಪ್ ಬಿಟ್ಟು ಹೊರಗೆ ಹೋಗದೆ, ಬಟ್ಟೆ ಕೊಳ್ಳಬಹುದಿತ್ತು. ಜಕಾರ್ತದ ತಾನಾ ಅಬಾಂಗ್ ಆಗ್ನೇಯ ಏಷ್ಯದ ದೊಡ್ಡ ಬಟ್ಟೆ ಪೇಟೆಗಳಲ್ಲೊಂದು. ಅಲ್ಲಿನ ಮಳಿಗೆಗಳು ಗಿರಾಕಿಗಳಿಲ್ಲದೆ ಬಣಗುಟ್ಟತೊಡಗಿದವು, ವ್ಯಾಪಾರಿಗಳು ಸರ್ಕಾರದ ಮೊರೆಹೋದರು. 2023ರ ಸೆಪ್ಟೆಂಬರ್ ಕೊನೆಗೆ ಬಂದ ನಿಯಮದ ಪ್ರಕಾರ ಸಾಮಾಜಿಕ ಜಾಲತಾಣದಲ್ಲಿ ಸರಕಿನ ಪ್ರಚಾರ ಮಾಡಬಹುದು, ಹಣ ಪಾವತಿ ಅಲ್ಲಿ ನಡೆಯಕೂಡದು. ಅಕ್ಟೋಬರ್ 4ರಂದು ಟಿಕ್‌ಟಾಕ್ ಶಾಪ್ ಬಾಗಿಲು ಹಾಕಿತು. ಡಿಸೆಂಬರ್ 12ರಂದು ಮತ್ತೆ ತೆರೆಯಿತು. ನಡುವೆ ಆದದ್ದಿಷ್ಟು: ಅದೇ ದೇಶದ ದೊಡ್ಡ ಮಾರಾಟ ತಾಣ ಟೊಕೊಪೀಡಿಯಾದ ಶೇ 75ರಷ್ಟು ಒಡೆತನವನ್ನು, ಒಟ್ಟು 150 ಕೋಟಿ ಡಾಲರ್ ಹೂಡುವ ಒಪ್ಪಂದದೊಡನೆ, ಟಿಕ್‌ಟಾಕ್ ಪಡೆದುಕೊಂಡಿತು. ನಿಯಮ ಕೇಳಿದ್ದು ವ್ಯವಹಾರ ಯಾವ ಪರವಾನಗಿಯ ಕೆಳಗೆ ನಡೆಯಬೇಕೆಂದು; ಕಂಪನಿ ಪರವಾನಗಿ ಇದ್ದವರನ್ನೇ ಕೊಂಡಿತು. ತಾನಾ ಅಬಾಂಗ್‌ನ ವ್ಯಾಪಾರಿಯ ದುಗುಡವಾಗಲಿ, ವಿಡಿಯೊ ನಂಬಿ ಕೊಂಡವರ ರಕ್ಷಣೆಯಾಗಲಿ ಆ ಲೆಕ್ಕದಲ್ಲಿ ಬರಲೇ ಇಲ್ಲ.

ಚೀನಾದಲ್ಲಿ ಶಿಕ್ಷೆ ಕಠಿಣ, ಆದರೆ ಅದು ಬೀಳುವುದು ಹೆಚ್ಚಾಗಿ ಮಾರಿದವರ ಮೇಲೆ. 2024ರ ಸೆಪ್ಟೆಂಬರ್‌ನಲ್ಲಿ ಹೆಸರುವಾಸಿ ಲೈವ್ ಮಾರಾಟಗಾರರೊಬ್ಬರ ಕಂಪನಿಯಾದ ಥ್ರೀ ಶೀಪ್ ಶರತ್ಕಾಲದ ಹಬ್ಬಕ್ಕೆಂದು ಮೂನ್‌ಕೇಕ್‌ಗಳನ್ನು ಹಾಂಗ್‌ಕಾಂಗಿನ ಉನ್ನತ ದರ್ಜೆಯ ತಿನಿಸೆಂದು ಮಾರಿತು. ಹಾಂಗ್‌ಕಾಂಗಿನ ಜನ ಅಂಗಡಿಗಳಲ್ಲಿ ಹುಡುಕಿದರೆ ಆ ಹೆಸರಿನ ತಿನಿಸು ಎಲ್ಲೂ ಇರಲಿಲ್ಲ. ಅದು ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ತಯಾರಾದದ್ದು. ಕಂಪನಿಗೆ ಸುಮಾರು 6.9 ಕೋಟಿ ಯುವಾನ್ ದಂಡ ಬಿತ್ತು, ವ್ಯವಹಾರ ನಿಲ್ಲಿಸಬೇಕಾಯಿತು. ಒಂದು ಊರಿನ ಹೆಸರನ್ನು ಮಾರಿ ಇನ್ನೊಂದು ಊರಿನ ಸರಕು ಕಳಿಸುವ ಈ ಬಗೆ ನಮಗೂ ಹೊಸದಲ್ಲ.

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೈಮಗ್ಗದ ಸೀರೆಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಇದೆ. ಮೈಭಾಗದ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿಕೊಂಡಿಯಾಗಿ ಪೋಣಿಸಿ ಜೋಡಿಸುವುದು ಅದರ ವಿಶೇಷ. ಆ ಜೋಡಣೆಗೇ ತುಂಬ ಹೊತ್ತು ಹಿಡಿಯುತ್ತದೆ, ಹೆಚ್ಚಾಗಿ ಮನೆಯ ಹೆಂಗಸರು ಮಾಡುತ್ತಾರೆ. ಕೆಂಪು ರೇಷ್ಮೆ ಸೆರಗಿನಲ್ಲಿ ಬಿಳಿ ಗೋಪುರಗಳ ಸಾಲು ನಿಲ್ಲುವುದು ಆಮೇಲೆ. ಪವರ್‌ಲೂಮ್‌ನಲ್ಲಿ ನೇಯ್ದು ಇದೇ ಸೆರಗಿನ ನಕಲು ತೆಗೆದ ಅಗ್ಗದ ಸೀರೆಗಳೂ ಪೇಟೆಯಲ್ಲಿ ಬೇಕಾದಷ್ಟಿವೆ. ಅವನ್ನು ನಕಲೆಂದೇ ಹೇಳಿ ಮಾರಿದರೆ ತಕರಾರಿಲ್ಲ. ದಿನನಿತ್ಯ ಉಡಲು ಕಡಿಮೆ ಬೆಲೆಯ ಸೀರೆ ಎಲ್ಲರಿಗೂ ಬೇಕು. ಆದರೆ ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ, ದೀಪದ ಬೆಳಕಿನಲ್ಲಿ, ಭುಜದ ಮೇಲೆ ಹಾಕಿ ತಿರುಗಿದ ಸೀರೆ ಎರಡರಲ್ಲಿ ಯಾವುದೆಂದು ನೋಡುಗರಿಗೆ ತಿಳಿಯುವುದು ಹೇಗೆ? ಅಂಗಡಿಯಲ್ಲಾದರೆ ಸೀರೆಯನ್ನು ತಿರುವಿಹಾಕಿ ಹಿಂಬದಿ ನೋಡುತ್ತೇವೆ, ಸೆರಗು ಮೈಗೆ ಸೇರುವ ಜಾಗವನ್ನು ಬೆರಳಿಂದ ಸವರುತ್ತೇವೆ. ಕೈಮಗ್ಗದ ಗುರುತಿನ ಮುದ್ರೆ 2006ರಿಂದ ಇದೆ, ರೇಷ್ಮೆಗೆ ಸಿಲ್ಕ್ ಮಾರ್ಕ್ 2004ರಿಂದ ಇದೆ. ಬೆಲೆಗೆ ಮತ್ತು ರಿಯಾಯಿತಿಗೆ ಜಾಗವಿರುವ ಆ ಪುಟ್ಟ ಟ್ಯಾಗಿನಲ್ಲಿ ಈ ಮುದ್ರೆ ಇದೆಯೋ ಇಲ್ಲವೋ ಎಂದು ಹೇಳಲು ಒಂದಿಷ್ಟು ಜಾಗ ಮಾಡುವುದು ತಾಂತ್ರಿಕವಾಗಿ ಕಷ್ಟವೇನಲ್ಲ. ಮಾಡಿಲ್ಲ, ಏಕೆಂದರೆ ಮಾಡಬೇಕೆಂದು ಯಾರೂ ಕೇಳಿಲ್ಲ.

ನೇಕಾರನ ಕಡೆಯಿಂದ ನೋಡಿದರೆ ನೋವು ಇನ್ನೂ ಹೆಚ್ಚು. ಅವನ ಊರಿನ ಹೆಸರು ವಿಡಿಯೊದಲ್ಲಿ ಓಡಾಡುತ್ತದೆ. ಅದರ ಕೆಳಗಿನ ಟ್ಯಾಗ್ ಅವನ ಮಗ್ಗದ ಮನೆಗೆ ಹೋಗುವುದಿಲ್ಲ. ದೊಡ್ಡ ತಾಣದಲ್ಲಿ ಸರಕು ಪಟ್ಟಿಮಾಡಲು ಬೇಕಾದ ದಾಖಲೆ, ಫೋಟೊ, ಪ್ಯಾಕಿಂಗ್, ಮರಳಿ ಬಂದ ಸೀರೆಯ ನಷ್ಟ ತಡೆದುಕೊಳ್ಳುವ ಬಂಡವಾಳ ಇವೆಲ್ಲ ಇದ್ದವರಿಗೇ ಆ ದಾರಿ. ಎರಡು ಮಗ್ಗದ ಮನೆಯವರು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿ, ಯುಪಿಐನಲ್ಲಿ ದುಡ್ಡು ಪಡೆದು, ಅಂಚೆಯಲ್ಲಿ ಕಳಿಸುತ್ತಾರೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುವ ಉತ್ತರ ಕರ್ನಾಟಕದ ಮಹಿಳೆಯರ ಸ್ವಸಹಾಯ ಸಂಘಗಳ ಸ್ಥಿತಿಯೂ ಇದೇ. ಲಿಂಕ್ ಎಲ್ಲರಿಗೂ ಪೇಟೆಯ ಬಾಗಿಲು ತೆರೆಯುತ್ತದೆ ಎಂಬ ಮಾತು ನಿಜವಾಗಬೇಕಾದರೆ ಟ್ಯಾಗಿನೊಳಗೆ ಸಹಕಾರಿ ಸಂಘಗಳ, ನೇಕಾರರ ಸೊಸೈಟಿಗಳ ಅಂಗಡಿಗಳೂ ಬರಬೇಕು. ವೇದಿಕೆ ಒಂದೆರಡು ದೈತ್ಯ ಕಂಪನಿಗಳೊಡನೆ ಮಾಡಿಕೊಂಡ ಒಪ್ಪಂದದಿಂದ ಅದು ಆಗುವ ಕೆಲಸವಲ್ಲ.

ಹಾಗಾದರೆ ಏನು ಕೇಳಬೇಕು? ನನಗೆ ತೋರುವ ಮುಖ್ಯ ಬೇಡಿಕೆ ಒಂದೇ, ಉಳಿದವು ಅದರಿಂದ ಹೊರಡುತ್ತವೆ. ವೇದಿಕೆ ತಾನೇ ಕಟ್ಟಿದ ಟ್ಯಾಗಿನ ಮೂಲಕ ಮಾರಾಟ ನಡೆದರೆ, ಆ ಮಾರಾಟದ ಮಟ್ಟಿಗೆ ಅದಕ್ಕೆ ಮಧ್ಯವರ್ತಿಯ ರಕ್ಷಣೆ ಇರಬಾರದು; ಇ-ಕಾಮರ್ಸ್ ನಿಯಮಗಳಡಿಯ ಮಾರಾಟ ತಾಣದಂತೆಯೇ ಅದು ಉತ್ತರ ಕೊಡಬೇಕು. ಒಮ್ಮೆ ಹೊಣೆ ಅಲ್ಲಿಗೆ ಬಂತೆಂದರೆ ವಿನ್ಯಾಸ ತಾನಾಗಿ ಬದಲಾಗುತ್ತದೆ. ಟ್ಯಾಗ್ ಹಾಕಿದ ವಿಡಿಯೊ ಶುರುವಾಗುವಾಗಲೇ, ಅದರ ಮಾತು ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿ, ಕಮಿಷನ್ ಇದೆ ಎಂಬ ಸಾಲನ್ನು ವೇದಿಕೆಯೇ ತೋರಿಸಬಹುದು. ಕನ್ನಡ ಮಾತನ್ನು ಕೇಳಿ ಉಪಶೀರ್ಷಿಕೆ ಬರೆಯಬಲ್ಲ ಕಂಪನಿಗೆ ಇದು ಏನೇನೂ ಭಾರವಲ್ಲ. ಮಾರುವವರ ಹೆಸರು, ತಯಾರಾದ ಜಾಗ ಟ್ಯಾಗಿನಲ್ಲೇ ಕಾಣಬಹುದು. ವಿಡಿಯೊದಲ್ಲಿ ತೋರಿಸಿದ ವಸ್ತು ಖಾಲಿಯಾದರೆ ಅದೇ ಜಾಗದಲ್ಲಿ ಇನ್ನೊಂದನ್ನು ಸದ್ದಿಲ್ಲದೆ ತಂದಿಡುವುದು ನಿಲ್ಲಬಹುದು. ವರ್ಷದ ಹಿಂದೆ ಒಂದು ವಸ್ತುವಿಗೆ ಹೇಳಿದ ಒಳ್ಳೆಯ ಮಾತು ಇವತ್ತು ಬೇರೆ ವಸ್ತುವನ್ನು ಮಾರುತ್ತಿದ್ದರೆ ಅದು ಮಾತನಾಡಿದವರಿಗೂ ಮಾಡಿದ ಅನ್ಯಾಯ.

ಹೊಣೆ ಹೆಚ್ಚಿಸಿದರೆ ವೇದಿಕೆಗಳು ಸಣ್ಣ ಚಾನೆಲ್‌ಗಳಿಗೆ ಟ್ಯಾಗ್ ಕೊಡುವುದನ್ನೇ ನಿಲ್ಲಿಸುತ್ತವೆ, ಏಟು ಬೀಳುವುದು ಶಿರಸಿಯ ಗೃಹಿಣಿಗೆ ಎಂಬ ಎಚ್ಚರಿಕೆಯನ್ನು ಕೇಳಿದ್ದೇನೆ. ಇದನ್ನು ಹಗುರವಾಗಿ ಕಾಣಲಾರೆ. ಆದರೆ ಹೊಣೆಯಿಲ್ಲದ ಈಗಿನ ಸ್ಥಿತಿ ಅವಳನ್ನು ಕಾಪಾಡುತ್ತಿದೆಯೇ? ಫೇಸ್‌ಬುಕ್ ತನ್ನ ಲೈವ್ ಶಾಪಿಂಗನ್ನು 2022ರ ಅಕ್ಟೋಬರ್‌ನಲ್ಲಿ, ಇನ್‌ಸ್ಟಾಗ್ರಾಂ 2023ರ ಮಾರ್ಚ್‌ನಲ್ಲಿ ಮುಚ್ಚಿದವು. ಅದನ್ನೇ ನೆಚ್ಚಿ ವ್ಯಾಪಾರ ಕಟ್ಟಿದವರ ಮಾತು ಆ ತೀರ್ಮಾನದಲ್ಲಿ ನಡೆಯಲಿಲ್ಲ. ಈಗಿರುವ ಕಾನೂನಿನಲ್ಲಿ ತಪ್ಪು ಕಂಡರೆ 10 ಲಕ್ಷದ ದಂಡದ ಬೆದರಿಕೆ ಇರುವುದು ಗೃಹಿಣಿಯ ತಲೆಯ ಮೇಲೆ. ಸಾಕಷ್ಟು ವಿಚಾರಿಸಿ ಶಿಫಾರಸು ಮಾಡಿದ್ದೇನೆ ಎಂದು ತೋರಿಸಿದರೆ ಅವಳಿಗೆ ವಿನಾಯಿತಿಯಿದೆ, ನಿಜ. ಆದರೆ ಮಾರುವವನು ಯಾರು, ಅವನ ವಿರುದ್ಧ ಹಿಂದೆ ಎಷ್ಟು ದೂರು ಬಂದಿವೆ, ಎಷ್ಟು ಸರಕು ವಾಪಸಾಗಿದೆ ಎಂಬ ಮಾಹಿತಿ ಅವಳ ಬಳಿ ಎಲ್ಲಿದೆ? ಅದಿರುವುದು ತಾಣದ ಮತ್ತು ವೇದಿಕೆಯ ಬಳಿ. ಮಾಹಿತಿ ಇರುವವರಿಗೆ ಹೊಣೆಯಿಲ್ಲ, ಹೊಣೆ ಇರುವವರಿಗೆ ಮಾಹಿತಿಯಿಲ್ಲ. ಇದನ್ನು ಸರಿಪಡಿಸಿದರೆ ಮೊದಲು ಗೆಲ್ಲುವವಳು ಅವಳೇ.

ಇದಕ್ಕೆಲ್ಲ ಹೊಸ ಕಾಯ್ದೆ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಭಾಷೆಯ ಕುರಿತ ಸೂಚನೆ ಈಗಾಗಲೇ ಸರ್ಕಾರದ ಕೈಪಿಡಿಯಲ್ಲಿದೆ, ವೇಷ ಮರೆಸಿದ ಜಾಹೀರಾತಿನ ಮೇಲಿನ ನಿಷೇಧ ಈಗಾಗಲೇ ಜಾರಿಯಲ್ಲಿದೆ. ಒಬ್ಬೊಬ್ಬ ಗ್ರಾಹಕ ಇನ್ನೂರು ರೂಪಾಯಿಗಾಗಿ ಜಿಲ್ಲಾ ಆಯೋಗದ ಮೆಟ್ಟಿಲು ಹತ್ತಲಾರ. ಗ್ರಾಹಕರನ್ನು ಒಂದು ಸಮುದಾಯವಾಗಿ ಕಂಡು ತಾನೇ ತನಿಖೆಗಿಳಿಯುವ ಅಧಿಕಾರ ಕೇಂದ್ರ ಪ್ರಾಧಿಕಾರಕ್ಕೆ ಇರುವುದು ಇಂಥ ಸಂದರ್ಭಕ್ಕಾಗಿಯೇ. ನಮ್ಮ ಗ್ರಾಹಕ ಸಂಘಟನೆಗಳು ಟ್ಯಾಗ್ ಇರುವ, ಕಮಿಷನ್ ವಿಷಯವನ್ನು ಕನ್ನಡದಲ್ಲಿ ಹೇಳದ ಕನ್ನಡ ವಿಡಿಯೊಗಳನ್ನು ಕಲೆಹಾಕಿ, ಯಾವ ಒಬ್ಬ ವಿಡಿಯೊದವರನ್ನೂ ಗುರಿಮಾಡದೆ, ವೇದಿಕೆಗಳನ್ನೇ ಎದುರುಪಕ್ಷವಾಗಿಸಿ ಪ್ರಾಧಿಕಾರಕ್ಕೆ ದೂರು ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರುಗಳು ಹೋಗಬೇಕು. ಟ್ಯಾಗನ್ನು ಯಾರು ಕಟ್ಟಿದರು, ಅದರಿಂದ ಬಂದ ಹಣ ಯಾರು ಯಾರಿಗೆ ಎಷ್ಟೆಷ್ಟು ಹಂಚಿಹೋಯಿತು ಎಂಬ ಲೆಕ್ಕವನ್ನು ವೇದಿಕೆಯಿಂದ ತರಿಸಿಕೊಳ್ಳಿ ಎಂಬುದು ಆ ದೂರಿನ ಮೊದಲ ಕೋರಿಕೆಯಾಗಿರಲಿ.